ಪ್ರತಿಭಟನೆಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿಭಟನೆ ಇದ್ದ ದಿನ ನನ್ನ ಫೋನು ಬೆಳಿಗ್ಗೆ ಏಳಕ್ಕೇ ಬಡಿದುಕೊಳ್ಳಲು ಶುರುಮಾಡುತ್ತದೆ. ನಾನು ವಕೀಲರ ಜೊತೆ ಕೆಲಸ ಮಾಡುವವಳು. ಠಾಣೆಗೆ ಓಡುವುದು, ಆಸ್ಪತ್ರೆಗೆ ಓಡುವುದು, ಜಾಮೀನಿಗೆ ಕಾಗದ ಹೊಂದಿಸುವುದು ನನ್ನ ಪಾಲಿನ ಕೆಲಸ. ರೈತರು, ಆಶಾ ಕಾರ್ಯಕರ್ತೆಯರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಕಾಲೇಜು ಹುಡುಗರು ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಉತ್ತರಗಳು ಕರ್ನಾಟಕವನ್ನು ಮನಸ್ಸಲ್ಲಿಟ್ಟುಕೊಂಡು ಬರೆದವು.

ಒಂದು ಮಾತು ಮೊದಲೇ. 2024ರ ಜುಲೈ 1ರಿಂದ, ಯಾವುದು ಅಪರಾಧ, ಏನು ಶಿಕ್ಷೆ ಎಂದು ಹೇಳುವ ಐಪಿಸಿ ಹೋಗಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಬಂದಿದೆ; ಪೊಲೀಸರು, ಕೋರ್ಟು ಹೇಗೆ ನಡೆದುಕೊಳ್ಳಬೇಕು ಎಂದು ಹೇಳುವ ಸಿಆರ್‌ಪಿಸಿ ಹೋಗಿ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಬಂದಿದೆ. ಸೆಕ್ಷನ್ ನಂಬರು ಬದಲಾದರೂ ಜನರ ಬಾಯಲ್ಲಿ ಹಳೆಯದೇ ಇದೆ. ಹಾಗಾಗಿ ಬೇಕಾದ ಕಡೆ ಎರಡನ್ನೂ ಹೇಳಿದ್ದೇನೆ.

## ಮನೆ ಬಿಡುವ ಮುಂಚೆ

ಪ್ರತಿಭಟನೆ ಮಾಡೋದು ನಿಜವಾಗ್ಲೂ ನಮ್ಮ ಹಕ್ಕಾ? ಇಲ್ಲ ಪೊಲೀಸರು ಬಿಟ್ಟರೆ ಮಾತ್ರ ಮಾಡಬಹುದಾ?

ಹಕ್ಕು. ಸಂವಿಧಾನದ 19ನೇ ವಿಧಿಯಲ್ಲೇ ಬರೆದಿದೆ: ಮಾತಾಡುವ ಹಕ್ಕು, ಜೊತೆಗೆ ಶಾಂತಿಯಿಂದ, ಆಯುಧ ಇಲ್ಲದೆ ಒಂದೆಡೆ ಸೇರುವ ಹಕ್ಕು. ಸರ್ಕಾರ ಇದಕ್ಕೆ ನ್ಯಾಯವಾದ ಮಿತಿ ಹಾಕಬಹುದು. ಆದರೆ ಆ ಮಿತಿಗೆ ಒಂದು ಕಾನೂನಿನ ಆಧಾರ ಇರಬೇಕು, ಒಬ್ಬ ಅಧಿಕಾರಿಯ ಮನಸ್ಸಿಗೆ ಬಂದದ್ದು ಸಾಲದು. ರಸ್ತೆಯಲ್ಲಿ ಸಭೆ ಮಾಡುವುದನ್ನು ಸರ್ಕಾರ ನಿಯಂತ್ರಿಸಬಹುದು, ಪೂರ್ತಿ ಇಲ್ಲವೆನ್ನುವಂತಿಲ್ಲ ಎಂದು ಸುಪ್ರೀಂ ಕೋರ್ಟು 1972ರಲ್ಲೇ, ಅಹಮದಾಬಾದಿನ ಒಂದು ಪ್ರಕರಣದಲ್ಲಿ ಹೇಳಿದೆ.

ಈ ಹಕ್ಕು ನಮಗೆ ಯಾರೋ ಸುಮ್ನೆ ಕೊಟ್ಟದ್ದಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಸಭೆ ಸೇರಿದ ಜನರ ಮೇಲೆ ಗುಂಡು ಹಾರಿತು. 1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತರ ರಕ್ತ ಬಿತ್ತು. ಅದನ್ನು ನೆನಪಿಟ್ಟುಕೊಂಡು ಹೊರಡಿ, ಹೆದರಿಕೆ ಸ್ವಲ್ಪ ಕಡಿಮೆಯಾಗುತ್ತದೆ.

ಪರ್ಮಿಷನ್ ಬೇಕೇ ಬೇಕಾ? ಎಲ್ಲಿ ಕೇಳಬೇಕು?

ಸಾಮಾನ್ಯವಾಗಿ ಆ ಜಾಗ ಯಾವ ಠಾಣೆಗೆ ಸೇರುತ್ತದೋ ಅಲ್ಲಿ ಲಿಖಿತ ಅರ್ಜಿ ಕೊಡಬೇಕು. ದಿನ, ಸಮಯ, ಜಾಗ, ಅಂದಾಜು ಎಷ್ಟು ಜನ, ಮೈಕು ಹಾಕುತ್ತೀರಾ, ಜವಾಬ್ದಾರಿ ಹೊತ್ತವರ ಹೆಸರು ಮತ್ತು ನಂಬರು, ಇಷ್ಟು ಇರಲಿ. ಮೆರವಣಿಗೆ ಆದರೆ ಎಲ್ಲಿಂದ ಎಲ್ಲಿಗೆ ಎಂದೂ ಬರೆಯಿರಿ.

ಅರ್ಜಿಯ ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದರ ಮೇಲೆ ಠಾಣೆಯ ಸೀಲು, ತಾರೀಕು, ಸಹಿ ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ. "ಇಟ್ಟು ಹೋಗಿ, ನೋಡ್ತೀವಿ" ಎಂದರೆ ಅಲ್ಲೇ ಬೆಂಚಿನ ಮೇಲೆ ಕೂತುಕೊಳ್ಳಿ. ಆ ಸೀಲು ಇಲ್ಲದಿದ್ದರೆ ನಾಳೆ "ಇವರು ಕೇಳಿಯೇ ಇಲ್ಲ" ಎಂದು ಎಫ್‌ಐಆರ್‌ನಲ್ಲಿ ಬರುತ್ತದೆ. ಅನುಮತಿ ಕೊಡುವುದಿಲ್ಲ ಎಂದರೆ ಕಾರಣ ಬರೆದು ಕೊಡಿ ಎಂದು ಕೇಳಿ. ಅದನ್ನು ಹಿಡಿದುಕೊಂಡು ಹೈಕೋರ್ಟಿಗೆ ಹೋಗಬಹುದು. ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ಪೀಠ ಇದೆ.

ನೀವು ಸುಮ್ನೆ ಭಾಗವಹಿಸಲು ಹೊರಟವರಾದರೆ, ಸಂಘಟಕರ ಹತ್ತಿರ ಅನುಮತಿ ಪತ್ರದ ಫೋಟೋ ಕೇಳಿ ಫೋನಲ್ಲಿ ಇಟ್ಟುಕೊಳ್ಳಿ. ಕೇಳುವುದರಲ್ಲಿ ಸಂಕೋಚ ಏನೂ ಇಲ್ಲ.

ಬೆಂಗಳೂರಲ್ಲಿ ಫ್ರೀಡಂ ಪಾರ್ಕಲ್ಲೇ ಯಾಕೆ ಕೂರಬೇಕು? ವಿಧಾನಸೌಧದ ಮುಂದೆ ಕೂತರೆ ಏನಾಗತ್ತೆ?

ಬೆಂಗಳೂರು ನಗರಕ್ಕೆ ಅಂತಲೇ 2021ರ ಒಂದು ಪೊಲೀಸ್ ಆದೇಶ ಇದೆ. ಧರಣಿ, ಪ್ರತಿಭಟನೆ ಫ್ರೀಡಂ ಪಾರ್ಕ್ ಒಳಗೇ ಆಗಬೇಕು, ಬೇರೆ ಕಡೆ ಆಗಬಾರದು ಎನ್ನುತ್ತದೆ ಅದು. ಟ್ರಾಫಿಕ್ ವಿಚಾರ ಹೈಕೋರ್ಟಿನ ಮುಂದೆ ಬಂದಾಗ ಹುಟ್ಟಿದ ಆದೇಶ. ಆಚೆ ಕೂತರೆ ಕೇಸು ಬೀಳುವ ಸಾಧ್ಯತೆ ಜಾಸ್ತಿ. ಟೌನ್‌ಹಾಲ್ ಮೆಟ್ಟಿಲ ಮೇಲೆ ಹತ್ತು ಜನ ಫಲಕ ಹಿಡಿದು ನಿಂತರೂ ಅಷ್ಟೆ.

ನನಗೆ ಇದು ಸರಿ ಅನಿಸುವುದಿಲ್ಲ, ಅದನ್ನು ಮುಚ್ಚಿಡುವುದೂ ಇಲ್ಲ. ಯಾರಿಗೆ ಕೇಳಿಸಬೇಕೋ ಅವರ ಕಿವಿಗೆ ಬೀಳದ ಕೂಗು ಅರ್ಧ ಕೂಗು. ದೆಹಲಿಯಲ್ಲಿ ಪ್ರತಿಭಟನೆ ನಡೆಯುವ ಜಂತರ್ ಮಂತರ್ ವಿಚಾರದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟು ಪೂರ್ತಿ ನಿಷೇಧ ಬೇಡ, ನಿಯಮ ಮಾಡಿ ಅವಕಾಶ ಕೊಡಿ ಎಂದಿತ್ತು. 2020ರಲ್ಲಿ, ಪೌರತ್ವ ಕಾಯ್ದೆ ವಿರುದ್ಧ ದೆಹಲಿಯ ರಸ್ತೆಯಲ್ಲಿ ಧರಣಿ ಕೂತಿದ್ದ ಶಾಹೀನ್ ಬಾಗ್ ಪ್ರಕರಣದಲ್ಲಿ ಅದೇ ಕೋರ್ಟು, ಸಾರ್ವಜನಿಕ ರಸ್ತೆಯನ್ನು ಎಷ್ಟು ದಿನ ಬೇಕಾದರೂ ಆಕ್ರಮಿಸಿ ಕೂರುವಂತಿಲ್ಲ, ಗೊತ್ತುಮಾಡಿದ ಜಾಗದಲ್ಲೇ ಮಾಡಿ ಎಂದಿತು. ಎರಡೂ ಇವತ್ತು ಕಾನೂನೇ.

ಹಾಗಂತ ಫ್ರೀಡಂ ಪಾರ್ಕಿನಲ್ಲಿ ಕೂತರೆ ಏನೂ ದಕ್ಕುವುದಿಲ್ಲ ಅಂದುಕೊಳ್ಳಬೇಡಿ. ಅದು ಹಳೆಯ ಸೆಂಟ್ರಲ್ ಜೈಲು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರಂಥವರನ್ನು ಇಟ್ಟಿದ್ದ ಜಾಗ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಅಲ್ಲೇ ನಾಲ್ಕು ದಿನ ಹಗಲು ರಾತ್ರಿ, ಚಳಿಯಲ್ಲಿ ಕೂತು, ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆದು ಎದ್ದರು.

144 ಹಾಕಿದ್ದಾರಂತೆ. ಹಾಗಾದ್ರೆ ಮನೆಯಿಂದ ಹೊರಗೇ ಬರಬಾರದಾ?

ಹಾಗಲ್ಲ. 144 ಈಗ ಬಿಎನ್‌ಎಸ್‌ಎಸ್ 163. ನಾವು ನಿಷೇಧಾಜ್ಞೆ ಎನ್ನುವುದು ಇದನ್ನೇ. ಇದು ಕರ್ಫ್ಯೂ ಅಲ್ಲ. ಯಾವ ಪ್ರದೇಶ, ಯಾವ ದಿನದಿಂದ ಯಾವ ದಿನದವರೆಗೆ, ಏನು ಮಾಡಬಾರದು ಎನ್ನುವುದು ಆದೇಶದಲ್ಲೇ ಇರುತ್ತದೆ. ಎಷ್ಟೋ ಸಲ ಐದು ಜನಕ್ಕಿಂತ ಜಾಸ್ತಿ ಸೇರಬಾರದು ಎಂದಿರುತ್ತದೆ. ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಹೆಚ್ಚು ನಡೆಯುವುದಿಲ್ಲ. ರಾಜ್ಯ ಸರ್ಕಾರ ಮಾತ್ರ ಅದನ್ನು ಇನ್ನೂ ಆರು ತಿಂಗಳವರೆಗೆ ಎಳೆಯಬಹುದು.

"144 ಇದೆ" ಎಂದು ಯಾರೇ ಹೇಳಿದರೂ ಆದೇಶದ ಪ್ರತಿ ಕೇಳಿ. ಇಂಥ ಆದೇಶವನ್ನು ಜನರಿಗೆ ಸಿಗುವ ಹಾಗೆ ಪ್ರಕಟಿಸಬೇಕು, ಬೇರೆ ಅಭಿಪ್ರಾಯವನ್ನು ಹತ್ತಿಕ್ಕಲು ಇದನ್ನು ಬಳಸಬಾರದು ಎಂದು 2020ರ ಜನವರಿಯಲ್ಲಿ, ಕಾಶ್ಮೀರದ ಇಂಟರ್ನೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ನಮ್ಮೂರಿನದೇ ಉದಾಹರಣೆ ಇದೆ. 2019ರ ಡಿಸೆಂಬರ್‌ನಲ್ಲಿ ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆಗೆ ಒಂದು ದಿನ ಮುಂಚೆ ಬೆಂಗಳೂರಲ್ಲಿ ನಿಷೇಧಾಜ್ಞೆ ಹೊರಟಿತು. ಆಗಲೇ ಕೊಟ್ಟಿದ್ದ ಅನುಮತಿಗಳೂ ರದ್ದಾದವು. ಡಿಸೆಂಬರ್ 19ರಂದು ಟೌನ್‌ಹಾಲ್ ಹತ್ತಿರ ಮಾಧ್ಯಮದ ಜೊತೆ ಮಾತಾಡುತ್ತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನೇ ಎಳೆದುಕೊಂಡು ಹೋದರು. 2020ರ ಫೆಬ್ರವರಿ 13ರಂದು ಕರ್ನಾಟಕ ಹೈಕೋರ್ಟು ಆ ನಿಷೇಧಾಜ್ಞೆ ಕಾನೂನಿಗೆ ವಿರುದ್ಧ ಎಂದಿತು. ಆದೇಶ ಹೊರಡಿಸುವವರು ತಾವೇ ವಿಚಾರಮಾಡಿ ಕಾರಣ ಬರೆಯಬೇಕಿತ್ತು, ಬರೆದಿರಲಿಲ್ಲ. ತೀರ್ಪು ಬರಲು ಎರಡು ತಿಂಗಳು ಹಿಡಿಯಿತು, ನಿಜ. ಆದರೆ ಮುಂದಿನ ಸಲ ವಕೀಲರ ಕೈಯಲ್ಲಿ ಹಿಡಿಯಲು ಅದು ಇದೆ.

ಆದೇಶ ತಪ್ಪು ಎಂದು ನಿಮಗೆ ಅನಿಸಿದರೂ, ಕೋರ್ಟು ರದ್ದುಮಾಡುವವರೆಗೆ ಅದನ್ನು ಮೀರಿದರೆ ಕೇಸು ಹಾಕಬಹುದು. ಅದನ್ನು ತಿಳಿದೇ ನಿರ್ಧಾರ ಮಾಡಿ.

ಏನೇನು ತಗೊಂಡು ಹೋಗಬೇಕು?

ನೀರು, ಗುರುತಿನ ಚೀಟಿಯ ಜೆರಾಕ್ಸು, ಸ್ವಲ್ಪ ಚಿಲ್ಲರೆ ದುಡ್ಡು, ತಿನ್ನಲು ಬಿಸ್ಕತ್ತೋ ಕಡಲೆಯೋ, ಕೈಗೆ ಸಿಗುವ ಹಾಗೆ ಒಂದು ಹತ್ತಿ ಬಟ್ಟೆ. ಚಪ್ಪಲಿ ಬೇಡ, ಹಿಂದೆ ಬೆಲ್ಟ್ ಇರುವ ಸ್ಯಾಂಡಲ್ ಅಥವಾ ಶೂ. ಸೀರೆಯಾದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ. ಚಿನ್ನ ಮನೆಯಲ್ಲೇ ಇರಲಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಆ ದಿನ ಕನ್ನಡಕ ಹಾಕಿ.

ಔಷಧಿ ವಿಷಯಕ್ಕೆ ಒಂದು ಘಟನೆ ಹೇಳಲೇಬೇಕು. ಒಬ್ಬ ಅಂಗನವಾಡಿ ಅಮ್ಮ, ಬಿಪಿ ಇರುವವರು. ಅವರ ಬ್ಯಾಗು ಪಾರ್ಕಿನಲ್ಲೇ ಉಳಿಯಿತು, ಅವರನ್ನು ಬಸ್ಸಲ್ಲಿ ಕರೆದುಕೊಂಡು ಹೋದರು. ರಾತ್ರಿ ಎಂಟಕ್ಕೆ ಬಿಟ್ಟಾಗ ತಲೆ ಸುತ್ತಿ ಗೇಟಿನ ಹತ್ತಿರವೇ ಕೂತುಬಿಟ್ಟರು. ಈಗ ಅವರು ಎಲ್ಲಿಗೇ ಹೊರಟರೂ ಎರಡು ಮಾತ್ರೆ ಕತ್ತರಿಸಿ, ಮಗನ ನಂಬರು ಬರೆದ ಚೀಟಿ ಸುತ್ತಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಿರುತ್ತಾರೆ. ಬ್ಯಾಗು ಹೋದರೂ ಸೆರಗು ಹೋಗುವುದಿಲ್ಲ ಅಲ್ವಾ ಮೇಡಂ, ಎಂದರು. ಒಂದು ದಿನಕ್ಕೆ ಬೇಕಾಗುವಷ್ಟು ಮಾತ್ರೆ ಮೈಮೇಲೆಯೇ ಇರಲಿ.

ವಕೀಲರದ್ದೊಂದು, ಮನೆಯವರದ್ದೊಂದು ನಂಬರು ಮುಂಗೈ ಮೇಲೆ ಮಾರ್ಕರ್ ಪೆನ್ನಲ್ಲಿ ಬರೆದುಕೊಳ್ಳಿ. ಬಾಲ್‌ಪೆನ್ ಬೆವರಿಗೆ ಅಳಿಸಿಹೋಗುತ್ತದೆ.

ಬಾವುಟ ಕಟ್ಟಲು ದಪ್ಪ ಕೋಲು, ಕಬ್ಬಿಣದ ಪೈಪು ಬೇಡ. ರೈತ ಸಂಘದವರ ಬಾರುಕೋಲಿನ ಹಿಂದೆ ಒಂದು ಚರಿತ್ರೆ ಇದೆ, ಗೊತ್ತು. ಆದರೂ ಎಫ್‌ಐಆರ್ ಬರೆಯುವವರು ಕೋಲನ್ನು "ಮಾರಕಾಸ್ತ್ರ" ಎಂದು ಬರೆದದ್ದನ್ನು ನೋಡಿದ್ದೇನೆ. ಟೈರು ಸುಡುವುದು, ಪ್ರತಿಕೃತಿಗೆ ಪೆಟ್ರೋಲ್ ಸುರಿಯುವುದು ಬೇಡವೇ ಬೇಡ. ಸುಟ್ಟುಕೊಳ್ಳುವವರು ನಮ್ಮವರೇ.

ಮಕ್ಕಳನ್ನು ಕರ್ಕೊಂಡು ಹೋಗಬಹುದಾ?

ಬೇಡ ಎನ್ನುವ ಕಾನೂನಿಲ್ಲ. ಆದರೆ ಮನೆಯಲ್ಲಿ ಬಿಟ್ಟು ಬರಲು ಯಾರೂ ಇಲ್ಲದ ತಾಯಂದಿರು ಅಂಚಿನಲ್ಲಿ, ಹೊರಗೆ ಹೋಗುವ ದಾರಿಗೆ ಹತ್ತಿರ ಕೂರಿ. 18 ತುಂಬದವರನ್ನು ಹಿಡಿದರೆ ಲಾಕಪ್ಪಿಗೆ ಹಾಕುವಂತಿಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಕರೆತರಬೇಕು. ಹಾಗಾಗಿ ಪಿಯುಸಿ ಹುಡುಗರ ಹತ್ತಿರ ವಯಸ್ಸು ತೋರಿಸುವ ಕಾಗದ ಇರಲಿ. ಮಕ್ಕಳ ಸಹಾಯವಾಣಿ 1098.

ನಾನು ಸರ್ಕಾರಿ ನೌಕರ. ನನ್ನ ಅಣ್ಣ ಅಮೆರಿಕದ ಪೌರ, ರಜೆಗೆ ಬಂದಿದ್ದಾನೆ. ನಾವು ಬರಬಹುದಾ?

ನಿಮಗೆ 2021ರ ನಡತೆ ನಿಯಮಗಳು ಅನ್ವಯಿಸುತ್ತವೆ. ರಾಜಕೀಯ ಪಕ್ಷದ ಕಾರ್ಯಕ್ರಮ, ಸರ್ಕಾರದ ವಿರುದ್ಧ ಮುಷ್ಕರ ಇವಕ್ಕೆ ಇಲಾಖಾ ವಿಚಾರಣೆ ಆಗಬಹುದು. ನಿಮ್ಮ ನೌಕರರ ಸಂಘದವರನ್ನು ಕೇಳಿಯೇ ಮುಂದುವರಿಯಿರಿ. ಅಣ್ಣ ಬರದಿರುವುದೇ ಒಳ್ಳೆಯದು. 19ನೇ ವಿಧಿಯ ಹಕ್ಕು ಭಾರತದ ಪೌರರಿಗೆ ಮಾತ್ರ, ವೀಸಾ ಮೇಲೂ ಏಟು ಬೀಳಬಹುದು. ಆದರೆ ಹಿಡಿದರೆ ಕಾರಣ ಹೇಳಬೇಕು, ವಕೀಲರನ್ನು ಬಿಡಬೇಕು ಎನ್ನುವ 22ನೇ ವಿಧಿಯ ರಕ್ಷಣೆ ವಿದೇಶಿಯರಿಗೂ ಇದೆ.

## ಜನರ ನಡುವೆ ಇರುವಾಗ

ಪೊಲೀಸರ ವಿಡಿಯೋ ಮಾಡಬಹುದಾ? ಡಿಲೀಟ್ ಮಾಡು ಅಂದ್ರೆ?

ರಸ್ತೆಯಲ್ಲಿ ಕರ್ತವ್ಯದಲ್ಲಿರುವ ಪೊಲೀಸರನ್ನು ಚಿತ್ರೀಕರಿಸಬಾರದು ಎನ್ನುವ ಕಾನೂನು ಇಲ್ಲ. ಅವರೂ ನಿಮ್ಮದನ್ನು ಮಾಡುತ್ತಿರುತ್ತಾರೆ. ಆದರೆ ಅವರ ದಾರಿಗೆ ಅಡ್ಡ ನಿಂತು, ಮುಖದ ಹತ್ತಿರ ಫೋನ್ ಹಿಡಿದು ಮಾಡಿದರೆ ಕರ್ತವ್ಯಕ್ಕೆ ಅಡ್ಡಿ ಎಂದು ಕೇಸು ಬೀಳುತ್ತದೆ (ಬಿಎನ್‌ಎಸ್ 221; ಕೈ ಮಾಡಿದರು ಎಂದರೆ 132, ಅದು ಗಂಭೀರ). ನಾಲ್ಕು ಹೆಜ್ಜೆ ಹಿಂದೆ ನಿಂತು ಮಾಡಿ.

ಡಿಲೀಟ್ ಮಾಡಿಸುವ ಅಧಿಕಾರ ಯಾರಿಗೂ ಇಲ್ಲ. ಫೋನು ಬೇಕಿದ್ದರೆ ಮಹಜರು ಬರೆದು ಜಪ್ತಿ ಮಾಡಬೇಕು. ವಿಡಿಯೋ ಆದ ಕೂಡಲೇ ಮನೆಯಲ್ಲಿರುವ ಒಬ್ಬರಿಗೆ ಕಳಿಸಿಬಿಡಿ. ಹಂಚುವ ಮುಂಚೆ ಮಾತ್ರ ಯೋಚಿಸಿ: ನಿಮ್ಮ ಪಕ್ಕದಲ್ಲಿ ಕೂತ ಹುಡುಗಿಯ ಮನೆಯವರಿಗೆ ಅವಳು ಬಂದದ್ದು ಗೊತ್ತಿಲ್ಲದಿರಬಹುದು.

"ಚದುರಿ" ಅಂತ ಮೈಕಲ್ಲಿ ಹೇಳಿದ್ರು. ಆಗ ಏನು ಮಾಡಬೇಕು?

ಆ ಗಳಿಗೆಯಿಂದ ಕಾನೂನಿನ ಲೆಕ್ಕ ಬದಲಾಗುತ್ತದೆ. ಬಿಎನ್‌ಎಸ್‌ಎಸ್ 148ರ ಪ್ರಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಅಥವಾ ಠಾಣಾಧಿಕಾರಿ, ಅವರಿಲ್ಲದಿದ್ದರೆ ಕನಿಷ್ಠ ಸಬ್ ಇನ್ಸ್‌ಪೆಕ್ಟರ್ ದರ್ಜೆಯವರು, ಗುಂಪಿಗೆ ಚದುರಲು ಹೇಳಬಹುದು. ಹೇಳಿದ ಮೇಲೂ ಚದುರದಿದ್ದರೆ ಬಲ ಬಳಸಬಹುದು. ಹೇಳಿದ್ದು ಗೊತ್ತಿದ್ದೂ ಉಳಿದರೆ ಬಿಎನ್‌ಎಸ್ 189ರಲ್ಲಿ ಅದೇ ಒಂದು ಅಪರಾಧ.

ಹೊರಡುವುದಾದರೆ ಓಡಬೇಡಿ, ನಡೆಯಿರಿ. ಗುಂಪಿನ ಅಂಚಿನ ಕಡೆಗೆ ಹೋಗಿ. ಯಾರು ಹೇಳಿದರು, ಎಷ್ಟು ಗಂಟೆಗೆ, ಕನ್ನಡದಲ್ಲಿ ಹೇಳಿದರಾ, ಹೋಗಲು ದಾರಿ ಬಿಟ್ಟಿದ್ದರಾ, ಎಷ್ಟು ನಿಮಿಷ ಕೊಟ್ಟರು, ಇದನ್ನು ಗಮನಿಸಿ. ಎಚ್ಚರಿಕೆಯೇ ಇಲ್ಲದೆ ಲಾಠಿ ಬೀಸಿದರು ಎಂದು ಆಮೇಲೆ ಹೇಳಲು ಈ ವಿವರಗಳೇ ಬೇಕು. ಉಳಿದು ಬಂಧನಕ್ಕೆ ಒಳಗಾಗುವುದು ಎಂದು ಸಂಘಟನೆ ಮೊದಲೇ ತೀರ್ಮಾನಿಸಿದ್ದರೆ ಅದು ಸತ್ಯಾಗ್ರಹದ ಹಳೆಯ ದಾರಿ. ಆದರೆ ಆ ತೀರ್ಮಾನ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಗೊತ್ತಿಲ್ಲದವರನ್ನು ಮುಂದಿನ ಸಾಲಿನಲ್ಲಿ ಕೂರಿಸುವುದು ಅನ್ಯಾಯ.

ಲಾಠಿ ಬೀಸಿದ್ರೆ, ನೂಕುನುಗ್ಗಲು ಆದ್ರೆ ಹೇಗೆ ತಪ್ಪಿಸಿಕೊಳ್ಳೋದು?

ಲಾಠಿಗೆ: ತಲೆ ಕಾಪಾಡಿಕೊಳ್ಳಿ. ಎರಡೂ ಕೈ ತಲೆಯ ಹಿಂದೆ ಹೆಣೆದು, ಮೊಣಕೈ ಮುಖದ ಪಕ್ಕಕ್ಕೆ ತಂದು ಬಗ್ಗಿ ಪಕ್ಕಕ್ಕೆ ಸರಿಯಿರಿ. ಲಾಠಿ ಹಿಡಿದು ಎಳೆಯಬೇಡಿ.

ನೂಕುನುಗ್ಗಲಿನಲ್ಲಿ ಜನ ಸಾಯುವುದು ಹೆಚ್ಚಾಗಿ ಉಸಿರು ಸಿಗದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತರು. ಅದು ಸಂಭ್ರಮದ ಗುಂಪು. ಗುಂಪಿಗೆ ಸಂಭ್ರಮವೂ ಒಂದೇ, ಸಿಟ್ಟೂ ಒಂದೇ. ಮುಂಗೈಗಳನ್ನು ಎದೆಯ ಮುಂದೆ ಅಡ್ಡ ಹಿಡಿದು ಉಸಿರಾಡಲು ಜಾಗ ಉಳಿಸಿಕೊಳ್ಳಿ. ಅಲೆಗೆ ಎದುರು ತಳ್ಳಬೇಡಿ, ಜೊತೆಗೇ ಸಾಗುತ್ತಾ ಓರೆಯಾಗಿ ಅಂಚಿಗೆ ಬನ್ನಿ. ಬಿದ್ದ ಚಪ್ಪಲಿ, ಫೋನು ಎತ್ತಲು ಬಗ್ಗಬೇಡಿ. ಗೇಟು, ಗೋಡೆ, ಬ್ಯಾರಿಕೇಡ್ ಹತ್ತಿರ ನಿಲ್ಲಬೇಡಿ.

ಅಶ್ರುವಾಯು ಹೊಡೆದ್ರೆ ಈರುಳ್ಳಿ, ಟೂತ್‌ಪೇಸ್ಟ್ ಹಚ್ಚಬೇಕಂತೆ?

ಬೇಡ. ಬರಿ ನೀರು ಸಾಕು. ಮೊದಲು ಹೊಗೆಯಿಂದ ಆಚೆ, ಗಾಳಿ ಬರುವ ದಿಕ್ಕಿಗೆ ಹೋಗಿ. ಕಣ್ಣು ಉಜ್ಜಬೇಡಿ. ತಲೆ ಒಂದು ಪಕ್ಕ ವಾಲಿಸಿ, ಕಣ್ಣಿನ ಒಳತುದಿಯಿಂದ ಹೊರಕ್ಕೆ ನೀರು ಹರಿಯುವಂತೆ ಧಾರಾಳವಾಗಿ ತೊಳೆಯಿರಿ. ಎಣ್ಣೆ, ಕ್ರೀಮು ಹಚ್ಚಿದ ಮುಖದ ಮೇಲೆ ಪುಡಿ ಅಂಟಿಕೊಳ್ಳುತ್ತದೆ, ಹಾಗಾಗಿ ಬೆಳಿಗ್ಗೆಯೇ ಹಚ್ಚದೆ ಬನ್ನಿ. ಶೆಲ್ಲನ್ನು ಬರಿಗೈಲಿ ಮುಟ್ಟಬೇಡಿ, ಸುಡುತ್ತದೆ. ಮನೆಗೆ ಬಂದ ಮೇಲೆ ಆ ಬಟ್ಟೆ ಬೇರೆ ತೊಳೆಯಿರಿ. ಆಸ್ತಮಾ ಇರುವವರು, ಬಸುರಿಯರು ದೂರ ಇರಿ. ಉಸಿರು ಕಟ್ಟಿದರೆ 108ಕ್ಕೆ ಫೋನ್ ಮಾಡಿ.

ನಮ್ಮ ಗುಂಪಲ್ಲಿ ಯಾರೋ ಕಲ್ಲು ಹೊಡೆದ್ರು. ನಾನೂ ತಪ್ಪಿತಸ್ಥನಾ?

ಸುಮ್ನೆ ಅಲ್ಲಿದ್ದ ಮಾತ್ರಕ್ಕೆ ಅಲ್ಲ. ಆದರೆ ಕಲ್ಲು ಹೊಡೆಯುವುದೇ ಗುಂಪಿನ ಉದ್ದೇಶವಾಗಿತ್ತು, ನೀವು ಅದರಲ್ಲಿ ಸೇರಿದ್ದಿರಿ ಎಂದು ಸಾಬೀತಾದರೆ ಬಿಎನ್‌ಎಸ್ 190 ಎಲ್ಲರನ್ನೂ ಒಟ್ಟಿಗೆ ಹಿಡಿಯುತ್ತದೆ. ಸಾರ್ವಜನಿಕ ಆಸ್ತಿಗೆ ಹಾನಿಯಾದರೆ 1984ರ ಪ್ರತ್ಯೇಕ ಕಾಯ್ದೆ ಇದೆ. ನಷ್ಟವನ್ನೂ ಕಟ್ಟಿಸಬಹುದು. 2020ರ ಬೆಂಗಳೂರಿನ ಡಿ.ಜೆ. ಹಳ್ಳಿ ಗಲಭೆ ಆದ ಮೇಲೆ ಹೈಕೋರ್ಟು ನಷ್ಟದ ಲೆಕ್ಕಕ್ಕೆ ನಿವೃತ್ತ ನ್ಯಾಯಮೂರ್ತಿ ಎಚ್.ಎಸ್. ಕೆಂಪಣ್ಣ ಅವರನ್ನು ನೇಮಿಸಿತ್ತು. ಕಲ್ಲು ಎದ್ದದ್ದು ಕಂಡ ಕೂಡಲೇ ಕೂತುಕೊಳ್ಳಿ, ಅಥವಾ ಎದ್ದು ದೂರ ಬನ್ನಿ. ಕಲ್ಲು ಹೊಡೆದವನು ನಿಮ್ಮವನಲ್ಲದಿದ್ದರೆ ವಿಡಿಯೋ ಮಾಡಿ.

## ಹಿಡಿದುಕೊಂಡು ಹೋದರೆ

ಬಸ್ಸಿಗೆ ಹತ್ತಿಸಿ ಗ್ರೌಂಡಲ್ಲಿ ಕೂರಿಸಿದ್ದಾರೆ. ಇದು ಅರೆಸ್ಟಾ?

ಹೆಚ್ಚಿನ ಸಲ ಇದು "ಮುನ್ನೆಚ್ಚರಿಕೆಯಾಗಿ ವಶಕ್ಕೆ ಪಡೆದದ್ದು", ಬಿಎನ್‌ಎಸ್‌ಎಸ್ 170 (ಹಳೆಯ 151). ಸಂಜೆ ಹೆಸರು, ವಿಳಾಸ ಬರೆದುಕೊಂಡು ಬಿಡುತ್ತಾರೆ. ಬೇರೆ ಕೇಸು ಹಾಕದಿದ್ದರೆ 24 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. 2025ರ ಜೂನ್‌ನಲ್ಲಿ, ಭೂಸ್ವಾಧೀನದ ವಿರುದ್ಧ ನಡೆದ ದೇವನಹಳ್ಳಿ ಚಲೋ ದಿನ ರೈತರನ್ನೂ ಅವರ ಜೊತೆಗಿದ್ದವರನ್ನೂ ಹೀಗೇ ವಶಕ್ಕೆ ಪಡೆದರು. ಆಮೇಲೆ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹೋರಾಟ ಮುಂದುವರಿಸಿದರು. ಜುಲೈ 15ಕ್ಕೆ 1,777 ಎಕರೆ ಭೂಸ್ವಾಧೀನ ಕೈಬಿಟ್ಟದ್ದಾಗಿ ಮುಖ್ಯಮಂತ್ರಿ ಹೇಳಿದರು.

ಬಸ್ಸಲ್ಲಿ ಮಾಡಬೇಕಾದ್ದು: ಬಸ್ಸಿನ ನಂಬರು, ಹತ್ತಿಸಿದ ಸಮಯ, ಒಳಗಿರುವವರ ಹೆಸರಿನ ಪಟ್ಟಿ ಮಾಡಿ ಹೊರಗಿರುವ ಒಬ್ಬರಿಗೆ ಕಳಿಸಿ. ಫೋನು ಕಸಿದುಕೊಳ್ಳುವ ಮುಂಚೆ ಸಿಗುವುದು ಐದೋ ಹತ್ತೋ ನಿಮಿಷ.

ನಿಜವಾಗ್ಲೂ ಅರೆಸ್ಟ್ ಮಾಡಿದ್ರೆ ಏನು ಕೇಳಬೇಕು?

ಠಾಣೆಯ ಭಾಷೆಯಲ್ಲಿ ಇದು ದಸ್ತಗಿರಿ. ಮಾಡಿದವರ ಎದೆ ಮೇಲೆ ಹೆಸರು ಕಾಣುವಂತಿರಬೇಕು. ಯಾವ ಕಾರಣಕ್ಕೆ ಎಂದು ಹೇಳಬೇಕು. ಅದನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಬರೆದೂ ಕೊಡಬೇಕು ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಎಲ್ಲ ಅಪರಾಧಗಳಿಗೂ ಅನ್ವಯವಾಗುವಂತೆ ಹೇಳಿದೆ. ಮನೆಯವರಿಗೋ ಗೆಳೆಯರಿಗೋ ತಿಳಿಸಬೇಕು. ನಿಮ್ಮ ವಕೀಲರನ್ನು ಭೇಟಿಯಾಗಲು ಬಿಡಬೇಕು. ವೈದ್ಯಕೀಯ ಪರೀಕ್ಷೆ ಮಾಡಿಸಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ದಸ್ತಗಿರಿ ಹೇಗೆ ಮಾಡಬೇಕು ಎಂದು ಸುಪ್ರೀಂ ಕೋರ್ಟು ಹೇಳಿದ 1996ರ ಡಿ.ಕೆ. ಬಸು ತೀರ್ಪಿನಿಂದ ಬಂದ ಎಷ್ಟೋ ನಿಯಮಗಳು ಈಗ ಬಿಎನ್‌ಎಸ್‌ಎಸ್‌ನಲ್ಲೇ ಇವೆ.

ದಸ್ತಗಿರಿ ಪತ್ರಕ್ಕೆ ಒಬ್ಬ ಸಾಕ್ಷಿಯ ಸಹಿ ಮತ್ತು ನಿಮ್ಮ ಸಹಿ ಬೇಕು. ಸಹಿ ಮಾಡುವಾಗ ಸಮಯ ನೋಡಿ. ಒಂದು ಠಾಣೆಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಹಿಡಿದ ಹುಡುಗನ ಪತ್ರದಲ್ಲಿ "ಸಂಜೆ 6" ಎಂದು ಬರೆದಿದ್ದರು. ಏಳು ಗಂಟೆ ಹೊತ್ತು ಅವನು ಎಲ್ಲೂ ಇರಲೇ ಇಲ್ಲ ಎಂದ ಹಾಗೆ. ಹುಡುಗ ಕೈ ನಡುಗುತ್ತಿದ್ದರೂ ತನ್ನ ಸಹಿಯ ಕೆಳಗೆ "ಹಿಡಿದದ್ದು ಬೆಳಿಗ್ಗೆ 11" ಎಂದು ಸಣ್ಣ ಅಕ್ಷರದಲ್ಲಿ ಬರೆದ. ಮಾರನೆಯ ದಿನ ವಕೀಲರು ಮ್ಯಾಜಿಸ್ಟ್ರೇಟರಿಗೆ ಮೊದಲು ತೋರಿಸಿದ್ದೇ ಆ ಸಾಲನ್ನು.

ಮ್ಯಾಜಿಸ್ಟ್ರೇಟರು "ಪೊಲೀಸರಿಂದ ಏನಾದರೂ ತೊಂದರೆ ಆಯಿತಾ" ಎಂದು ಕೇಳಿದರೆ, ಹೊಡೆದಿದ್ದರೆ ಆಗಲೇ ಹೇಳಿ. ಜಾಮೀನು ಸಿಗುವ ಅಪರಾಧವಾದರೆ ಜಾಮೀನು ನಿಮ್ಮ ಹಕ್ಕು, ಠಾಣೆಯಲ್ಲೇ ಸಿಗಬಹುದು.

ಹೆಂಗಸರನ್ನು ರಾತ್ರಿ ಹೊತ್ತು ಹಿಡೀಬಹುದಾ?

ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಹೆಂಗಸರನ್ನು ದಸ್ತಗಿರಿ ಮಾಡುವಂತಿಲ್ಲ. ತೀರಾ ವಿಶೇಷ ಸಂದರ್ಭವಾದರೆ ಮಹಿಳಾ ಅಧಿಕಾರಿ ಲಿಖಿತ ವರದಿ ಕೊಟ್ಟು, ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆದಿರಬೇಕು. ಹೆಂಗಸರ ಮೈ ತಪಾಸಣೆಯನ್ನು ಹೆಂಗಸರೇ ಮಾಡಬೇಕು. 60 ದಾಟಿದವರು ಮತ್ತು ಕಾಯಿಲೆಯವರ ವಿಷಯಕ್ಕೂ ಒಂದು ಹೊಸ ರಕ್ಷಣೆ ಬಂದಿದೆ: ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಕ್ಕೆ ಇಂಥವರನ್ನು ಹಿಡಿಯಲು ಡಿವೈಎಸ್‌ಪಿ ದರ್ಜೆಗಿಂತ ಕಡಿಮೆಯಲ್ಲದ ಅಧಿಕಾರಿಯ ಅನುಮತಿ ಬೇಕು.

ಫೋನ್ ಲಾಕ್ ತೆಗಿ ಅಂತಾರೆ. ಪಾಸ್‌ವರ್ಡ್ ಕೊಡಬೇಕಾ?

ಗಲ್ಲಿಯಲ್ಲಿ ನಿಲ್ಲಿಸಿ ಕೇಳಿದ ಮಾತ್ರಕ್ಕೆ ಕೊಡಬೇಕಿಲ್ಲ. 2021ರಲ್ಲಿ ಕರ್ನಾಟಕ ಹೈಕೋರ್ಟೇ ಇದರ ಬಗ್ಗೆ ತೀರ್ಪು ಕೊಟ್ಟಿದೆ. ತನಿಖಾಧಿಕಾರಿ ತಾನಾಗಿ ಬಲವಂತ ಮಾಡುವಂತಿಲ್ಲ, ಕೋರ್ಟಿನ ಮೂಲಕ ಬರಬೇಕು. ಆದರೆ ಪಾಸ್‌ವರ್ಡ್ ಕೊಡುವುದು ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳಿದಂತೆ ಎನ್ನುವ ವಾದವನ್ನು ಆ ತೀರ್ಪು ಒಪ್ಪಿಲ್ಲ. ಹಾಗಾಗಿ ಕೋರ್ಟಿನ ಆದೇಶ ಬಂದರೆ ವಕೀಲರ ಜೊತೆ ಮಾತಾಡಿಯೇ ಮುಂದುವರಿಯಿರಿ. ಜಪ್ತಿ ಮಾಡಿದರೆ ಪಟ್ಟಿಯ ಪ್ರತಿ ಕೇಳಿ. ಜಪ್ತಿಯ ವಿಡಿಯೋ ಚಿತ್ರೀಕರಣ ಈಗ ಕಡ್ಡಾಯ (ಬಿಎನ್‌ಎಸ್‌ಎಸ್ 105). ಆ ದಿನ ಬೆರಳಚ್ಚಿನ ಲಾಕು ತೆಗೆದು ಆರಂಕಿಯ ಪಿನ್ ಹಾಕಿ ಹೊರಡಿ.

ಬಿಳಿ ಹಾಳೆ ಮೇಲೆ ಸಹಿ ಹಾಕು, ಮನೆಗೆ ಕಳಿಸ್ತೀವಿ ಅಂದ್ರು. ಹಾಕಲಾ?

ಬೇಡ. ಎಷ್ಟೇ ಸುಸ್ತಾಗಿದ್ದರೂ ಬೇಡ. ತನಿಖೆಯಲ್ಲಿ ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಹಿ ಹಾಕಿಸುವಂತೆಯೇ ಇಲ್ಲ (ಬಿಎನ್‌ಎಸ್‌ಎಸ್ 181). ಮುಚ್ಚಳಿಕೆ ಬರೆಸುವುದಾದರೆ ಓದಿ, ಓದಲು ಬಾರದಿದ್ದರೆ ಓದಿಸಿಕೊಳ್ಳಿ, ಖಾಲಿ ಜಾಗಕ್ಕೆ ಗೀಟು ಎಳೆದು ಸಹಿ ಮಾಡಿ.

ವಕೀಲರಿಗೆ ಕೊಡೋಕೆ ದುಡ್ಡಿಲ್ಲ. ಏನು ಮಾಡೋದು?

15100ಕ್ಕೆ ಫೋನ್ ಮಾಡಿ, ಅದು ಉಚಿತ ಕಾನೂನು ನೆರವಿನ ನಂಬರು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಪೊಲೀಸ್ ವಶದಲ್ಲಿರುವ ಯಾರೇ ಆಗಲಿ, ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲೆಯ ಕೋರ್ಟು ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ.

## ಮನೆಗೆ ಬಂದ ಮೇಲೆ

ಪೊಲೀಸ್ ನೋಟಿಸ್ ವಾಟ್ಸಾಪಲ್ಲಿ ಬಂದಿದೆ. ಹೋಗಬೇಕಾ?

ವಿಚಾರಣೆಗೆ ಬನ್ನಿ ಎನ್ನುವ ಬಿಎನ್‌ಎಸ್‌ಎಸ್ 35ರ ನೋಟಿಸನ್ನು ವಾಟ್ಸಾಪಲ್ಲಿ ಕಳಿಸಿದರೆ ಸಾಲದು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೂ ಅಲಕ್ಷ್ಯ ಮಾಡಬೇಡಿ, ವಕೀಲರಿಗೆ ತೋರಿಸಿ. ಕಾಗದದಲ್ಲಿ ಬಂದರೆ ಹೋಗಲೇಬೇಕು. ಹೇಳಿದ ಹಾಗೆ ಹಾಜರಾಗುತ್ತಿದ್ದರೆ ಸಾಮಾನ್ಯವಾಗಿ ಹಿಡಿಯುವಂತಿಲ್ಲ. ಹೋದಾಗಲೆಲ್ಲ ತಾರೀಕು, ಸಮಯ ಬರೆದಿಟ್ಟುಕೊಳ್ಳಿ. ಬರಿ ಸಾಕ್ಷಿಯಾಗಿ ಕರೆದರೆ, ಹೆಂಗಸರು ಮತ್ತು 60 ದಾಟಿದವರು ಠಾಣೆಗೆ ಹೋಗಬೇಕಿಲ್ಲ, ಅವರೇ ಮನೆಗೆ ಬರಬೇಕು.

ಪೊಲೀಸರೇ ಹೊಡೆದಿದ್ದಾರೆ. ಯಾರಿಗೆ ದೂರು ಕೊಡೋದು?

ಮೊದಲು ಆಸ್ಪತ್ರೆ, ಆಮೇಲೆ ದೂರು. ತುರ್ತು ಚಿಕಿತ್ಸೆಯನ್ನು ಪೊಲೀಸ್ ಕಾಗದಕ್ಕಾಗಿ ಕಾಯಿಸುವಂತಿಲ್ಲ, 1989ರಿಂದಲೇ ಸುಪ್ರೀಂ ಕೋರ್ಟಿನ ಮಾತು ಇದೆ. ಸಾಧ್ಯವಾದರೆ ಸರ್ಕಾರಿ ಆಸ್ಪತ್ರೆಗೇ ಹೋಗಿ. ಡಾಕ್ಟರ್ ಕೇಳಿದಾಗ "ಬಿದ್ದೆ" ಎನ್ನಬೇಡಿ. ಯಾರು, ಯಾವುದರಿಂದ, ಎಲ್ಲಿ ಹೊಡೆದರು ಎಂದು ಹೇಳಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾಗುವ ಗಾಯದ ದಾಖಲೆ) ಬರೆಸಿ, ನಂಬರು ತೆಗೆದುಕೊಳ್ಳಿ. ಬಾಸುಂಡೆಯ ಫೋಟೋ ಆ ದಿನವೂ, ಮಾರನೆಯ ದಿನವೂ ತೆಗೆಸಿ. ಎರಡನೇ ದಿನ ಬಣ್ಣ ಜಾಸ್ತಿ ಕಾಣುತ್ತದೆ. ತಲೆಗೆ ಏಟು ಬಿದ್ದು ವಾಂತಿ, ಮಂಪರು ಬಂದರೆ ರಾತ್ರಿಯೇ ಮತ್ತೆ ಕರೆದುಕೊಂಡು ಹೋಗಿ.

ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ಸರಹದ್ದು ನಮ್ಮದಲ್ಲ ಎನ್ನುವಂತಿಲ್ಲ. ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ, ಪೊಲೀಸ್ ದೂರು ಪ್ರಾಧಿಕಾರಕ್ಕೂ ಬರೆಯಬಹುದು. ಆಯೋಗಕ್ಕೆ ಒಂದು ವರ್ಷದೊಳಗೆ ಬರೆಯಬೇಕು.

ಕೇಸಿದ್ರೆ ಪಾಸ್‌ಪೋರ್ಟ್ ಸಿಗಲ್ವಾ? ಕೆಲಸ?

ಬರಿ ಎಫ್‌ಐಆರ್ ಇದ್ದರೆ ಕೋರ್ಟಲ್ಲಿ ಕೇಸು ನಡೆಯುತ್ತಿದೆ ಎಂದಲ್ಲ. ಕೋರ್ಟು ಪ್ರಕರಣ ಕೈಗೆತ್ತಿಕೊಂಡ ಮೇಲೆ ತೊಡಕು ಶುರು. ಆಗಲೂ ಆ ಕೋರ್ಟಿನ ಅನುಮತಿ ಪಡೆದು ಪಾಸ್‌ಪೋರ್ಟ್ ಪಡೆಯಬಹುದು. ಅರ್ಜಿಯಲ್ಲಿ ಕೇಸು ಮುಚ್ಚಿಡಬೇಡಿ. ಎಷ್ಟೋ ಹುಡುಗರಿಗೆ ಕೇಸಿಗಿಂತ ಜಾಸ್ತಿ ತೊಂದರೆ ಆದದ್ದು ಅದನ್ನು ಮುಚ್ಚಿಟ್ಟಿದ್ದರಿಂದ. ಖಾಸಗಿ ಕಂಪನಿಗಳಲ್ಲಿ ಕೇಳಿದ್ದಕ್ಕೆ ಮಾತ್ರ ನಿಜ ಹೇಳಿ.

144 ಮೀರಿದ್ದಕ್ಕೆ ಚಾರ್ಜ್‌ಶೀಟ್ ಹಾಕಿದ್ದಾರೆ. ಏನಾದ್ರೂ ದಾರಿ ಇದೆಯಾ?

ಇದೆ, ವಕೀಲರಿಗೆ ನೆನಪಿಸಿ. ಸರ್ಕಾರಿ ಆದೇಶ ಮೀರಿದ ಅಪರಾಧ (ಬಿಎನ್‌ಎಸ್ 223, ಹಳೆಯ 188) ಕೋರ್ಟು ಕೈಗೆತ್ತಿಕೊಳ್ಳಬೇಕಾದರೆ, ಆ ಆದೇಶ ಕೊಟ್ಟ ಅಧಿಕಾರಿ ಅಥವಾ ಅವರ ಮೇಲಿನವರು ಲಿಖಿತ ದೂರನ್ನು ನೇರ ಕೋರ್ಟಿಗೆ ಕೊಡಬೇಕು (ಬಿಎನ್‌ಎಸ್‌ಎಸ್ 215, ಹಳೆಯ 195). ಪೊಲೀಸ್ ಚಾರ್ಜ್‌ಶೀಟ್ ಒಂದೇ ಸಾಲದು. ಈ ಒಂದು ಕಾರಣಕ್ಕೇ ಹೈಕೋರ್ಟಿನಲ್ಲಿ ರದ್ದಾದ ಕೇಸುಗಳಿವೆ. ಬೇರೆ ಸೆಕ್ಷನ್ನೂ ಸೇರಿಸಿದ್ದರೆ ಲೆಕ್ಕ ಬೇರೆ.

ಸರ್ಕಾರ ಕೇಸ್ ವಾಪಸ್ ತಗೋತೀವಿ ಅಂತ ಹೇಳಿದೆ. ಇನ್ನು ಕೋರ್ಟಿಗೆ ಹೋಗಬೇಕಾ?

ಹೋಗಿ. ಸಚಿವ ಸಂಪುಟ ತೀರ್ಮಾನಿಸಿದ ಮಾತ್ರಕ್ಕೆ ಕೇಸು ಮುಗಿಯುವುದಿಲ್ಲ. ಸರ್ಕಾರಿ ವಕೀಲರು ತಾವೇ ಯೋಚಿಸಿ ಅರ್ಜಿ ಹಾಕಬೇಕು, ಕೋರ್ಟು ಒಪ್ಪಬೇಕು (ಬಿಎನ್‌ಎಸ್‌ಎಸ್ 360). 43 ಕೇಸುಗಳನ್ನು ಹಿಂದಕ್ಕೆ ಪಡೆಯುವ 2024ರ ಒಂದು ಸರ್ಕಾರಿ ಆದೇಶವನ್ನು 2025ರ ಮೇನಲ್ಲಿ ಹೈಕೋರ್ಟು ರದ್ದುಮಾಡಿತು. ಪೇಪರಿನಲ್ಲಿ ಸುದ್ದಿ ಓದಿ, ಕೇಸು ಹೋಯಿತು ಎಂದು ತಾರೀಕಿಗೆ ಹೋಗದೆ ಕೂತ ಒಬ್ಬ ರೈತರ ಮನೆಗೆ ಎರಡು ವರ್ಷದ ಮೇಲೆ ವಾರಂಟ್ ಬಂತು, ಅದೂ ಮಗಳ ನಿಶ್ಚಿತಾರ್ಥದ ವಾರದಲ್ಲಿ. ಕೋರ್ಟಿನ ಆದೇಶದ ಪ್ರತಿ ಕೈಗೆ ಬರುವವರೆಗೆ ಪ್ರತಿ ತಾರೀಕಿಗೂ ಹಾಜರಾಗಿ. ಬಂದ ಮೇಲೆ ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ಠಾಣೆಗೆ ಕೊಟ್ಟು ಇನ್ನೊಂದರ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ.